ಇಂಜಿನ್ ನೀರಿನ ಮಡಿ

ಮದುವೆಯಾಗಿ ಅರಸೀಕೆರೆಗೆ ಬಂದ ಮೊದಲನೆಯ ಬೆಳಿಗ್ಗೆಯೇ ನಮ್ಮತ್ತೆ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಮನೆಯ ನೀರಿನ ಕಾನೂನು ತಿಳಿಸಿದರು. ಬಾವಿಯ ನೀರು ಅಡುಗೆಗೆ, ದೇವರಿಗೆ, ಕುಡಿಯುವುದಕ್ಕೆ. ಬೀದಿ ನಲ್ಲಿಯ ನೀರು ಬಟ್ಟೆ ಒಗೆಯುವುದಕ್ಕೆ, ಅಂಗಳಕ್ಕೆ. ನಲ್ಲಿ ನೀರು ಹೊಸಿಲು ದಾಟಿ ಒಳಗೆ ಬರಕೂಡದು.

"ಯಾಕತ್ತೆ?" ಎಂದೆ.

"ನಲ್ಲಿಯೊಳಗೆ ತೊಗಲಿನ ವಾಷರ್ ಇರತ್ತೆ ಕಣೇ. ತೊಗಲು ಮುಟ್ಟಿದ ನೀರನ್ನ ದೇವರ ಮುಂದೆ ಹೇಗೆ ಇಡೋದು?"

ನಾನು ಬೇಲೂರಿನವಳು. ನಮ್ಮಪ್ಪ ಅಲ್ಲಿಯ ದೇವಸ್ಥಾನದ ಅಡುಗೆಮನೆಯಲ್ಲಿ ಕೆಲಸಕ್ಕಿದ್ದರು. ನಮಗೆ ಯಗಚಿ ಹೊಳೆ ಇತ್ತು, ಹಳೇಬೀಡಿನ ಚಿಕ್ಕಮ್ಮನ ಮನೆಗೆ ಹೋದರೆ ಕಣ್ಣು ಹಾಯುವಷ್ಟೂ ಕೆರೆ ಇತ್ತು. ನೀರು ಎಂದರೆ ಗಾಳಿಯ ಹಾಗೆ, ಅದರ ಬಗ್ಗೆ ಯಾರಾದರೂ ಕಾನೂನು ಮಾಡಬಹುದೆಂದು ನನಗೆ ಹೊಳೆದೇ ಇರಲಿಲ್ಲ. ನಾನು ತಲೆಯಾಡಿಸಿದೆ. ಹೊಸ ಸೊಸೆ ಮತ್ತೇನು ಮಾಡಿಯಾಳು?

ಆ ಮನೆಯಲ್ಲಿದ್ದವರು ನಾವು ಮೂರೇ ಜನ. ಮಾವನವರು ತೀರಿಕೊಂಡು ಬಹಳ ವರ್ಷವಾಗಿತ್ತು. ನಮ್ಮವರು ರೈಲ್ವೆ ಸ್ಟೇಷನ್ನಿನ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತರು. ನಾನು ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಟೀಚರು. ಅತ್ತೆಗೆ ಆಗ ಅರವತ್ತರ ಹತ್ತಿರ. ಕಡ್ಡಿಯ ಹಾಗಿದ್ದರು, ಧ್ವನಿ ಮಾತ್ರ ಸ್ಟೇಷನ್ನಿನ ಗಂಟೆಯ ಹಾಗೆ. ಮಡಿ ಉಟ್ಟಾಗ ಅವರಿಂದ ಎರಡು ಮಾರು ದೂರದಲ್ಲಿ ಕಾಗೆ ಕೂಡ ಹಾರುತ್ತಿರಲಿಲ್ಲ.

ಪಕ್ಕದ ಮನೆ ಒಬ್ಬ ತೆಂಗಿನಕಾಯಿ ವರ್ತಕರದು. ಅವರ ಹೆಂಡತಿಯನ್ನು ನಾನು ಅಕ್ಕ ಎನ್ನುತ್ತಿದ್ದೆ. ಅಗಲವಾದ ಹಣೆಗೆ ವಿಭೂತಿ, ದೊಡ್ಡ ನಗು, ಇನ್ನೂ ದೊಡ್ಡ ಮನಸ್ಸು. ನನ್ನನ್ನು ಅವರು ಮೇಷ್ಟ್ರಮ್ಮ ಎಂದು ಕರೆಯುತ್ತಿದ್ದರು. ಗೋಡೆಯ ಮೇಲಿಂದ ಆಚೆಗೆ ಈಚೆಗೆ ಮೊಸರು, ಕರಿಬೇವು, ಸುದ್ದಿ, ಮೂರೂ ದಿನಾ ದಾಟುತ್ತಿದ್ದವು.

ಅರವತ್ತರ ದಶಕದ ನಡುವಿನ ವರ್ಷಗಳು ಅವು. ಒಂದು ವರ್ಷ ಮುಂಗಾರು ಮುಖ ತೋರಿಸಿ ಓಡಿಹೋಯಿತು. ಕೆರೆ ಅರ್ಧಕ್ಕಿಳಿಯಿತು. ಮರುವರ್ಷ ಮುಖವನ್ನೂ ತೋರಿಸಲಿಲ್ಲ. ನಮ್ಮ ಬಾವಿಯ ಹಗ್ಗಕ್ಕೆ ಎರಡು ಸಲ ತುಂಡು ಸೇರಿಸಿದೆವು. ಒಂದು ಬೆಳಿಗ್ಗೆ ಅತ್ತೆ ಸೇದಿದ ಬಿಂದಿಗೆಯಲ್ಲಿ ಬೊಗಸೆ ಕೆಸರೂ ಅದರ ಮೇಲೊಂದು ಕಪ್ಪೆಯೂ ಬಂದವು. ಅತ್ತೆ ಕಪ್ಪೆಯನ್ನು ನೋಡಿದರು. ಕಪ್ಪೆ ಅತ್ತೆಯನ್ನು ನೋಡಿತು.

"ಪಾಪ, ಇದಕ್ಕೇ ಸಾಲದು. ನಮಗೆಲ್ಲಿಂದ ಕೊಡತ್ತೆ?" ಎಂದು ಅತ್ತೆ ಅದನ್ನು ಮೆಲ್ಲಗೆ ಬಾವಿಗೇ ಇಳಿಬಿಟ್ಟರು.

ಬೀದಿ ನಲ್ಲಿಯೂ ಮೊದಲು ದಿನ ಬಿಟ್ಟು ದಿನ ಬಂತು, ಆಮೇಲೆ ವಾರಕ್ಕೊಮ್ಮೆ, ಆಮೇಲೆ ಬರೀ ಬುಸ್ಸೆಂದು ಗಾಳಿ ಬಿಡತೊಡಗಿತು.

ನನ್ನ ಅಪ್ಪ ನೋಡಲು ಬಂದಾಗ ಎಂದಿನಂತೆ ಪುಳಿಯೋಗರೆಯ ಡಬ್ಬಿ ತರಲಿಲ್ಲ. ಎರಡು ದೊಡ್ಡ ಎಣ್ಣೆ ಟಿನ್ನುಗಳಲ್ಲಿ ಯಗಚಿಯ ನೀರು ತುಂಬಿಸಿ, ಬಾಯಿಗೆ ಬಟ್ಟೆ ಕಟ್ಟಿ, ಬಸ್ಸಿನಲ್ಲಿ ಕಾಲ ಸಂದಿಯಲ್ಲಿಟ್ಟುಕೊಂಡು ಬಂದಿದ್ದರು. ಪಂಚೆ ಮೊಳಕಾಲಿನವರೆಗೆ ಒದ್ದೆ. "ಮಾದಿಹಳ್ಳಿ ಹತ್ರ ಗುಂಡಿಗೆ ಇಳಿದಾಗ ಕಾಲುಭಾಗ ಚೆಲ್ಲಿಹೋಯ್ತಮ್ಮ" ಎಂದು ಮಗುವಿನ ಹಾಗೆ ಬೇಜಾರು ಮಾಡಿಕೊಂಡರು. ಅತ್ತೆ ಆ ಟಿನ್ನುಗಳನ್ನು ದೇವರ ಮನೆಯಲ್ಲಿಟ್ಟರು. ಬೀಗರು ತಂದ ಉಡುಗೊರೆಗಳಲ್ಲಿ ಅವರು ಅಷ್ಟು ಭಕ್ತಿಯಿಂದ ಎತ್ತಿಟ್ಟದ್ದು ಅದೊಂದೇ.

ಊರಿಗೆಲ್ಲ ನೀರಿಲ್ಲದಾಗಲೂ ಒಂದು ಕಡೆ ನೀರಿತ್ತು. ಅದು ಸ್ಟೇಷನ್ನು. ಅರಸೀಕೆರೆ ಜಂಕ್ಷನ್ನು ನೋಡಿ. ಬೆಂಗಳೂರಿನಿಂದ ಬೀರೂರಿನ ಕಡೆಗೆ ಹೋಗುವ ಗಾಡಿಗಳೂ, ಹಾಸನ, ಹೊಳೆನರಸೀಪುರದ ಮೇಲೆ ಮೈಸೂರಿಗೆ ಹೋಗುವ ಗಾಡಿಗಳೂ ಅಲ್ಲಿ ಕೂಡುತ್ತಿದ್ದವು. ಎಲ್ಲ ಉಗಿ ಇಂಜಿನ್ನುಗಳು. ಬಂದದ್ದೆಲ್ಲ ಅಲ್ಲಿ ನೀರು ಕುಡಿದೇ ಮುಂದೆ ಹೋಗಬೇಕು. ಪ್ಲಾಟ್‌ಫಾರಂ ತುದಿಯಲ್ಲಿ ಒಂದು ಎತ್ತರದ ಕಬ್ಬಿಣದ ಕಂಬ, ಅದರ ತಲೆಯಲ್ಲಿ ಆನೆಯ ಸೊಂಡಿಲಿನಂತೆ ಆಚೀಚೆ ತಿರುಗುವ ಕೊಳವೆ. ಇಂಜಿನ್ನಿನ ಹಿಂದಿನ ತೊಟ್ಟಿಯ ಮೇಲೆ ಸೊಂಡಿಲು ತಂದು ಕಂಬದ ಚಕ್ರ ತಿರುಗಿಸಿದರೆ ಧೋ ಎಂದು ನೀರು. ನಮ್ಮ ಬೀದಿ ಇಡೀ ವಾರ ಬದುಕುವಷ್ಟು ನೀರನ್ನು ಒಂದು ಇಂಜಿನ್ನು ನಿಂತ ನಿಲುವಿನಲ್ಲಿ ಕುಡಿದು ಕೂ ಎಂದು ಹೊರಟುಬಿಡುತ್ತಿತ್ತು. ಆ ನೀರು ಬರುತ್ತಿದ್ದದ್ದೂ ನಮ್ಮ ಕೆರೆಯಿಂದಲೇ. ಕೆರೆಯ ದಡದಲ್ಲಿ ರೈಲಿನವರ ಪಂಪ್‌ಹೌಸಿತ್ತು.

ಒಂದು ದಿನ ಅಕ್ಕ ಗೋಡೆಯ ಮೇಲಿಂದ ಕೂಗಿದರು: "ಮೇಷ್ಟ್ರಮ್ಮಾ, ಬಿಂದಿಗೆ ತಗೊಂಡು ಬನ್ನಿ. ಶಂಟಿಂಗ್ ಇಂಜಿನ್ ಡ್ರೈವರು ಹೆಂಗಸ್ರಿಗೆ ನೀರು ಬಿಡ್ತಾವ್ರಂತೆ. ಬಿಸಿ ನೀರು ಕಣ್ರೀ!"

ಶಂಟಿಂಗ್ ಇಂಜಿನ್ ಎಂದರೆ ದೂರ ಎಲ್ಲಿಗೂ ಹೋಗದೆ ಸ್ಟೇಷನ್ನಿನೊಳಗೇ ವ್ಯಾಗನ್ನುಗಳನ್ನು ಹಿಂದಕ್ಕೆ ಮುಂದಕ್ಕೆ ತಳ್ಳುವ ಮುದಿ ಇಂಜಿನ್ನು. ಅದರ ಪಕ್ಕದಲ್ಲಿ ಒಂದು ಸಣ್ಣ ಕೊಳವೆಯಿತ್ತು. ಕಲ್ಲಿದ್ದಲಿನ ದೂಳು ಏಳದಂತೆ ಚಿಮುಕಿಸಲು ಅದರಿಂದ ಬಿಸಿನೀರು ಬಿಡುತ್ತಾರಂತೆ. ನಾನು ಹೋಗುವಷ್ಟರಲ್ಲಿ ಇಪ್ಪತ್ತು ಹೆಂಗಸರು ಸಾಲು ನಿಂತಿದ್ದರು. ಡ್ರೈವರು ಬಿಳಿ ಗಡ್ಡದ ಒಬ್ಬ ಸಾಬರು. ಒಬ್ಬೊಬ್ಬರಿಗೂ ಒಂದೊಂದು ಬಿಂದಿಗೆ, ಕೈ ಸುಟ್ಟುಕೊಳ್ಳಬೇಡಿ ಎಂದು ಒಬ್ಬೊಬ್ಬರಿಗೂ ಒಂದೊಂದು ಸಲ ಎಚ್ಚರಿಕೆ.

ನಾನು ಬಿಂದಿಗೆಯ ಕತ್ತಿಗೆ ಬಟ್ಟೆ ಸುತ್ತಿ ಹೊತ್ತು ಮನೆಗೆ ಬಂದೆ. ಅತ್ತೆ ಹೊಸಿಲಿನಲ್ಲೇ ತಡೆದರು.

"ಯಾವ ನೀರು?"

"ಇಂಜಿನ್ದು."

"ಇಂಜಿನ್ನಲ್ಲಿ ತೊಗಲಿದೆಯೋ?"

"ನನಗೇನು ಗೊತ್ತತ್ತೆ?"

"ನೀನು ಟೀಚರು. ಕೇಳಿಕೊಂಡು ಬರಬೇಡವೇ?" ಎಂದವರೇ ಸೆರಗು ಬಿಗಿದು ಬೀದಿಗಿಳಿದರು. ನಾನು ಮದುವೆಯಾಗಿ ಬಂದ ಮೇಲೆ ಅವರು ದೇವಸ್ಥಾನ ಬಿಟ್ಟು ಬೇರೆ ಕಡೆ ಹೊರಟದ್ದು ಅದೇ ಮೊದಲು. ನಾನು ಬಿಂದಿಗೆಯನ್ನು ಜಗುಲಿಯ ಮೇಲಿಟ್ಟು ಹಿಂದೆ ಓಡಿದೆ.

ಅತ್ತೆ ಹಳಿಯಿಂದ ದೂರ ನಿಂತು ಗಂಟಲೆತ್ತಿದರು. "ನೋಡಿಪ್ಪಾ ಡ್ರೈವರೇ, ಒಂದು ಮಾತು ಕೇಳ್ತೀನಿ. ನಿಜ ಹೇಳಬೇಕು."

ಡ್ರೈವರು ಕೈಯೊರೆಸಿಕೊಳ್ಳುತ್ತ ಕೆಳಗಿಳಿದು ಬಂದರು. "ಕೇಳಿ ಅಮ್ಮಾ."

"ನಿಮ್ಮ ಇಂಜಿನ್ನೊಳಗೆ ತೊಗಲೇನಾದರೂ ಇದೆಯೋ?"

ಸಾಲಿನಲ್ಲಿದ್ದವರೆಲ್ಲ ಕಿವಿ ನಿಮಿರಿಸಿದರು. ಡ್ರೈವರು ನಗಲಿಲ್ಲ. ಗಡ್ಡ ನೀವಿಕೊಂಡು ಯೋಚಿಸಿದರು. "ಬೆಂಕಿ ಮುಂದೆ ತೊಗಲು ನಿಲ್ಲತ್ತಾ ಅಮ್ಮಾ? ಒಳಗೆಲ್ಲ ಕಬ್ಬಿಣ, ತಾಮ್ರ, ಹಿತ್ತಾಳೆ."

ನನಗೆ ಸಮಾಧಾನವಾಯಿತು. ಅಷ್ಟಕ್ಕೆ ನಿಲ್ಲಿಸಿದ್ದರೆ ಆಗಿತ್ತು. ಅವರು ನಿಲ್ಲಿಸಲಿಲ್ಲ. "ಆದ್ರೆ ನಿಜ ಹೇಳಬೇಕು ಅಂದ್ರಲ್ಲ. ಅಲ್ಲಿ ನೋಡಿ, ಆ ಕಂಬದ ಸೊಂಡಿಲ ತುದೀಲಿ ಚೀಲದ ಥರ ನೇತಾಡ್ತಾ ಇದೆಯಲ್ಲ, ಅದು ತೊಗಲಿಂದು. ನೀರು ಅದರೊಳಗಿಂದಲೇ ನಮ್ಮ ತೊಟ್ಟಿಗೆ ಬೀಳೋದು."

ಅಕ್ಕ ಹಣೆ ಚಚ್ಚಿಕೊಂಡರು. "ಅಯ್ಯೋ ಸಾಬ್ರೇ, ಅದನ್ನ ಯಾಕ್ ಹೇಳಕ್ ಹೋದ್ರಿ!"

ಅತ್ತೆ ಸೊಂಡಿಲನ್ನು ನೋಡಿದರು, ಇಂಜಿನ್ನನ್ನು ನೋಡಿದರು. "ತೊಗಲು ಮೊದಲೋ, ಬೆಂಕಿ ಮೊದಲೋ?"

"ತೊಗಲು ಮೊದಲು ಅಮ್ಮಾ. ಆಮೇಲೆ ತೊಟ್ಟಿ. ಆಮೇಲೆ ಉಗಿ ಬಂದು ಸೇರಿಕೊಂಡು ನೀರು ಕಾದು, ಈ ಕೊಳವೆಗೆ ಬರತ್ತೆ."

"ಹಾಗಾದ್ರೆ ಕೊನೆಗೆ ಅಗ್ನಿ ಮುಟ್ಟಿದೆ. ಅಗ್ನಿ ಮುಟ್ಟಿದ ಮೇಲೆ ಇನ್ನೇನಿದೆ? ನಡಿಯೇ, ಆ ಬಿಂದಿಗೆ ಒಳಗೆ ತಗೋ." ನಾಲ್ಕು ಹೆಜ್ಜೆ ಹೋದವರು ತಿರುಗಿ ನಿಂತರು. "ನೀವು ಸುಳ್ಳು ಹೇಳಿದ್ರೆ ನನಗೆ ಗೊತ್ತಾಗ್ತಿರಲಿಲ್ಲ. ಆದರೂ ಹೇಳಲಿಲ್ಲ. ದೇವರು ನಿಮ್ಮನ್ನ ಚೆನ್ನಾಗಿಟ್ಟಿರಲಿ."

ದಾರಿಯಲ್ಲಿ ನನಗೆ ತಡೆಯಲಾಗಲಿಲ್ಲ. "ಹಾಗಾದ್ರೆ ನಲ್ಲಿ ನೀರನ್ನೂ ಇಷ್ಟು ದಿನ ಕಾಯಿಸಿಕೊಂಡು ಅಡುಗೆಗೆ ಇಟ್ಟುಕೊಳ್ಳಬಹುದಿತ್ತಲ್ಲ ಅತ್ತೆ?"

"ಅದು ಬೇರೆ" ಎಂದರು. ಬಿರಬಿರನೆ ಮುಂದೆ ನಡೆದರು.

ಅಂದಿನಿಂದ ನಮ್ಮ ಅಡುಗೆಮನೆ ಇಂಜಿನ್ ನೀರಿನಲ್ಲಿ ನಡೆಯಿತು. ಕಾಫಿಗೆ ಕಲ್ಲಿದ್ದಲಿನ ಸಣ್ಣದೊಂದು ಘಮ. ಅನ್ನಕ್ಕೆ ಇನ್ನೂ ಹೆಸರಿಡಲಾಗದ ಒಂದು ಬಣ್ಣ. ನಮ್ಮವರು ಮೊದಲ ತುತ್ತು ಬಾಯಿಗಿಟ್ಟು, "ಹಗಲೆಲ್ಲ ಆಫೀಸಲ್ಲಿ ಇದೇ ಹೊಗೆ, ಮನೇಲೂ ಇದೇನಾ?" ಎಂದರು. ಅತ್ತೆ ಮಾತ್ರ ಲೋಟ ಎತ್ತಿ ಕಾಫಿ ಕುಡಿದು, "ನೀರು ಕಾಯಿಸೋ ಸೌದೆ ಉಳೀತು" ಎಂದು ಸಂತೋಷಪಟ್ಟರು.

ಆ ದಿನಗಳಲ್ಲೇ ಕರೆಂಟೂ ಕೈಕೊಡುತ್ತಿತ್ತು. ಮಳೆಯಿಲ್ಲದೆ ಎಲ್ಲೋ ದೂರದ ಅಣೆಕಟ್ಟಿನಲ್ಲಿ ನೀರಿಳಿದಿದೆಯೆಂದು ವಾರದಲ್ಲಿ ಕೆಲವು ದಿನ ಹಗಲೆಲ್ಲ ಕರೆಂಟಿಲ್ಲ. ಹಿಟ್ಟಿನ ಗಿರಣಿ ಮುಚ್ಚಿರುತ್ತಿತ್ತು. ನಾನು ತರಗತಿಯಲ್ಲಿ ಬೋರ್ಡಿನ ಮೇಲೆ ಅಣೆಕಟ್ಟಿನ ಚಿತ್ರ ಬರೆದು, ನೀರು ಮೇಲಿಂದ ಬಿದ್ದು ಚಕ್ರ ತಿರುಗಿ ಕರೆಂಟು ಹೇಗೆ ಹುಟ್ಟುತ್ತದೆ ಎಂದು ವಿವರಿಸುತ್ತಿದ್ದೆ. ಮುಂದಿನ ಸಾಲಿನ ಎರಡು ಜಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. "ಟೀಚರ್, ರೈಲಿಗೂ ನೀರು ಬೇಕು, ಕರೆಂಟಿಗೂ ನೀರು ಬೇಕು. ಅವರೆಲ್ಲ ಕುಡಿದಾದ ಮೇಲೆ ನಮ್ಮ ಪಾಳಿ ಯಾವಾಗ?"

"ಅದನ್ನ ದೊಡ್ಡವರು ಯೋಚನೆ ಮಾಡಬೇಕು, ಕೂತ್ಕೋ" ಎಂದೆ. ಹಾಗೆಂದ ಮೇಲೆ ನನಗೇ ನಾಚಿಕೆಯಾಯಿತು. ನಾನೂ ದೊಡ್ಡವಳೇ ಅಲ್ಲವೇ?

ಬೇಸಗೆ ಬಲಿತಂತೆ ಕೆರೆಯ ಮಧ್ಯದಲ್ಲಿ ಉಳಿದದ್ದು ಒಂದು ಮಡು ಮಾತ್ರ. ಪಂಪಿನ ಕೊಳವೆ ಕೆಸರು ಹೀರತೊಡಗಿತು. ಆಗ ಊರಿನಲ್ಲೊಂದು ಸುದ್ದಿ ಹಬ್ಬಿತು: ಆ ಮಡುವಿನಿಂದ ಪಂಪಿನವರೆಗೆ ಕಾಲುವೆ ತೋಡಿ, ಉಳಿದ ನೀರನ್ನೂ ಇಂಜಿನ್ನುಗಳಿಗೆ ಎಳೆದುಕೊಳ್ಳುತ್ತಾರಂತೆ. ನಿಜವೋ ಸುಳ್ಳೋ ಯಾರಿಗೂ ಗೊತ್ತಿರಲಿಲ್ಲ. ಬಾಯಾರಿದವರಿಗೆ ಅದನ್ನು ವಿಚಾರಿಸುವ ತಾಳ್ಮೆಯೂ ಇರಲಿಲ್ಲ.

"ಪಂಪು ಒಡೀತೀವಿ ಅಂತವ್ರೆ ನಮ್ಮನೆಯವ್ರೂ, ಪೇಟೆಯವ್ರೂ" ಎಂದು ಅಕ್ಕ ಬಂದು ಹೇಳಿದರು. "ನಾಳೆ ಬೆಳಿಗ್ಗೆ ಹೋಗ್ತಾರಂತೆ."

ಊಟಕ್ಕೆ ಕೂತಿದ್ದ ನಮ್ಮವರು ಕೈ ನಿಲ್ಲಿಸಿದರು. "ಪಂಪು ನಿಂತ್ರೆ ಗಾಡಿ ನಿಲ್ಲತ್ತೆ. ಗಾಡಿ ನಿಂತ್ರೆ ನಮಗೆ ಬರ್ತಿರೋ ಗೋಧಿ ಜೋಳದ ವ್ಯಾಗನ್ನು ಎಲ್ಲಿಂದ ಬರಬೇಕು? ನೀರಿಲ್ಲ ಅಂತ ಅನ್ನಾನೂ ಬಿಡೋದಾ?"

ಊಟವಾದ ಮೇಲೆ ಅತ್ತೆ ನನ್ನನ್ನು ಕರೆದುಕೊಂಡು ನೇರ ಶಂಟಿಂಗ್ ಇಂಜಿನ್ನಿನ ಹತ್ತಿರ ಹೋದರು. ಅಷ್ಟು ಹೊತ್ತಿಗೆ ಡ್ರೈವರು ಅವರಿಗೆ ಹಳೆಯ ಪರಿಚಯದವರ ಹಾಗಾಗಿಬಿಟ್ಟಿದ್ದರು.

"ಡ್ರೈವರೇ, ಈ ದೊಡ್ಡ ಗಾಡಿಗಳೆಲ್ಲ ಇಲ್ಲೇ ಯಾಕೆ ಕುಡೀಬೇಕು? ಹೊಳೆ ಇರೋ ಊರಲ್ಲಿ ಹೊಟ್ಟೆ ತುಂಬ ಕುಡಿದು ಬರಬಾರದೇ?"

"ಬರಬಹುದು ಅಮ್ಮಾ. ನಾನು ಮೈಸೂರು ಲೈನಲ್ಲಿ ಎಷ್ಟೋ ವರ್ಷ ಓಡಿಸಿದ್ದೀನಿ. ಹೊಳೆನರಸೀಪುರದಲ್ಲಿ ಹೇಮಾವತಿ ಈಗಲೂ ಹರೀತಾಳೆ. ಅಲ್ಲಿ ಪೂರ್ತಿ ತುಂಬಿಸ್ಕೊಂಡ್ರೆ ಇಲ್ಲಿ ಅರ್ಧ ಸಾಕು. ಅಷ್ಟೇ ಯಾಕೆ, ನೀರು ತುಂಬೋ ವ್ಯಾಗನ್ನುಗಳಿವೆ. ಗಾಡಿ ಹಿಂದೆ ಎರಡು ಕಟ್ಟಿದ್ರೆ ನಿಮ್ಮೂರಿಗೂ ನೀರು ಬರತ್ತೆ."

"ಮತ್ತೆ ಯಾಕೆ ಮಾಡ್ತಿಲ್ಲ?"

"ಅದಕ್ಕೆಲ್ಲ ಮೇಲಿನವರ ಆರ್ಡರ್ ಬೇಕು. ಕೇಳಿದವರು ಯಾರೂ ಇಲ್ಲ."

ಮನೆಗೆ ಬರುತ್ತಲೇ ಅತ್ತೆ ನನ್ನ ಕೈಗೆ ಕಾಗದ ಕೊಟ್ಟರು. "ಬರಿ. ಊರಿನವರು ಮಾಲೇಕಲ್ಲು ಬೆಟ್ಟ ಹತ್ತಿ ಮಳೆಗೆ ಬೇಡಿಕೊಂಡು ಬಂದದ್ದಾಯ್ತು. ಈಗ ಇವರನ್ನೂ ಒಂದು ಮಾತು ಕೇಳೋಣ."

ಬರೆಯುವುದಕ್ಕೆ ಮೊದಲು ಮರುದಿನದ ಬೆಳಿಗ್ಗೆ ದಾಟಬೇಕಿತ್ತು. ಆ ರಾತ್ರಿಯೇ ಅಕ್ಕನೂ ನಾನೂ ಮನೆಮನೆಗೆ ಹೋಗಿ ಹೆಂಗಸರಿಗೆಲ್ಲ ಹೇಳಿಬಂದೆವು. ಅಂದು ಭಾನುವಾರ. ಹೊತ್ತು ಮೂಡುವಾಗಲೇ ನಾವು ಮೂವತ್ತು ನಲವತ್ತು ಹೆಂಗಸರು ಖಾಲಿ ಬಿಂದಿಗೆಗಳನ್ನು ಹಿಡಿದು ಪಂಪ್‌ಹೌಸಿನ ಬಾಗಿಲಿಗೆ ಅಡ್ಡ ಕೂತೆವು. ಅತ್ತೆ ಒಂದು ಕಲ್ಲಿನ ಮೇಲೆ, ಯಾರಿಗೂ ತಗುಲದಂತೆ. ಸ್ವಲ್ಪ ಹೊತ್ತಿಗೆ ಗಂಡಸರು ಹಾರೆ ಹಿಡಿದು ಏರಿಯ ಮೇಲಿಂದ ಇಳಿದು ಬಂದರು. ನಮ್ಮನ್ನು ಕಂಡು ಅವರ ಹೆಜ್ಜೆ ಸಣ್ಣದಾಯಿತು.

"ಏಳ್ರಮ್ಮಾ, ದಾರಿ ಬಿಡಿ" ಎಂದರು ಮುಂದಿದ್ದವರು. ಅವರು ಅಕ್ಕನ ಯಜಮಾನರೇ.

ಅಕ್ಕ ಸೊಂಟದ ಮೇಲೆ ಕೈಯಿಟ್ಟು ಎದ್ದು ನಿಂತರು. "ಒಡೀರಿ. ಒಡೆದ ಮ್ಯಾಲೆ ಗೋಡೌನ್‌ನಾಗಿರೋ ಕಾಯೆಲ್ಲ ನೀವೇ ತಲೆ ಮ್ಯಾಲೆ ಹೊತ್ಕೊಂಡು ಹೋಗ್ರಿ. ದಾರೀಗೆ ರೊಟ್ಟಿ ನಾನು ಕಟ್ಟಿಕೊಡ್ತೀನಿ."

ಯಾರೋ ಹಿಂದಿನಿಂದ ಕಿಸಕ್ಕೆಂದರು. ಒಬ್ಬರು ನಕ್ಕಮೇಲೆ ಇನ್ನೊಬ್ಬರು. ವರ್ತಕರು ಮುಖ ಗಂಟಿಕ್ಕಿಕೊಂಡೇ ಇರಲು ನೋಡಿದರು, ಮೀಸೆಯ ಕೆಳಗೆ ಅದು ಸಾಧ್ಯವಾಗಲಿಲ್ಲ.

"ಮತ್ತೆ ನೀರಿಗೇನು ಮಾಡೋದು, ನೀನೇ ಹೇಳು" ಎಂದರು.

"ಮೇಷ್ಟ್ರಮ್ಮ ಅರ್ಜಿ ಬರೀತಾರೆ. ಅದಕ್ಕೆ ಉತ್ತರ ಬರೋಗಂಟ ಪಂಪೂ ಒಡೆಯಂಗಿಲ್ಲ, ಕಾಲ್ವೆನೂ ತೋಡಂಗಿಲ್ಲ. ನಾವು ಇಲ್ಲೇ ಕುಂತಿರ್ತೀವಿ."

ಗಂಡಸರು ಹಾರೆ ನೆಲಕ್ಕೂರಿ ಅಲ್ಲೇ ಬೇವಿನ ಮರದ ನೆರಳಿನಲ್ಲಿ ಕುಳಿತರು. ಬಿಸಿಲೇರುವ ಹೊತ್ತಿಗೆ ಪಂಪಿನ ಕೆಲಸದವನು ಒಳಗಿಂದ ಬಂದು, ಕಾಲುವೆಯ ಮಾತು ತನಗಂತೂ ಗೊತ್ತಿಲ್ಲವೆಂದು ದೇವರ ಆಣೆ ಮಾಡಿದ. ಮಧ್ಯಾಹ್ನ ಎಲ್ಲರೂ ಮನೆಗೆ ಹೋದೆವು. ಆದರೆ ದಿನಾ ಬೆಳಿಗ್ಗೆ ಸರದಿಯ ಮೇಲೆ ನಾಲ್ಕು ಜನ ಹೆಂಗಸರು ಹೋಗಿ ಕೂತು ಬರುವುದು ನಿಲ್ಲಲಿಲ್ಲ.

ಅರ್ಜಿಯನ್ನು ನಾನು ಕನ್ನಡದಲ್ಲಿ ಒಂದು, ಇಂಗ್ಲಿಷಿನಲ್ಲಿ ಒಂದು ಬರೆದೆ. ಇಂಗ್ಲಿಷನ್ನು ನಮ್ಮವರು ತಿದ್ದಿದರು, ತಮ್ಮ ಕೈಬರಹ ಎಲ್ಲೂ ಕಾಣದಂತೆ. ನೌಕರಿಯವರಲ್ಲವೇ! ಬೀದಿ ಬೀದಿ ಅಲೆದು ರುಜು ಹಾಕಿಸಿದೆ. ಬರೆಯಲು ಬಾರದವರು ಹೆಬ್ಬೆಟ್ಟು ಒತ್ತಿದರು. ಅತ್ತೆಯ ಮುಂದೆ ಶಾಯಿಯ ಪ್ಯಾಡು ಹಿಡಿದಾಗ ಅವರು ಕೈ ಹಿಂದಕ್ಕೆಳೆದುಕೊಂಡರು.

"ಹೆಬ್ಬೆಟ್ಟು ಒತ್ತಲ್ಲ. ನನಗೆ ಹೆಸರು ಬರೆಯೋದು ಕಲಿಸು."

ಮೂರು ದಿನ ಅವರು ಅಡುಗೆಮನೆಯ ಬಾಗಿಲಲ್ಲಿ ಕುಳಿತು ಸ್ಲೇಟಿನ ಮೇಲೆ ತಮ್ಮ ಹೆಸರು ತಿದ್ದಿದರು. ನಾನು ತರಗತಿಯಲ್ಲಿ ಮಕ್ಕಳಿಗೆ ಹೇಳುವ ಹಾಗೆ "ಗುಂಡಗೆ ಬರೀರಿ ಅತ್ತೆ" ಎಂದರೆ, "ಗೊತ್ತು, ಚಕ್ಕುಲಿ ಸುತ್ತಿ ಅಭ್ಯಾಸವಿದೆ" ಎನ್ನುತ್ತಿದ್ದರು. ನಾಲ್ಕನೆಯ ದಿನ ಅರ್ಜಿಯ ಕೆಳಗೆ ರುಜು ಹಾಕಿದರು. ಅದು ಕಾಲು ಪುಟ ಹಿಡಿಯಿತು. ಇನ್ನೂ ರುಜು ಮಾಡಬೇಕಿದ್ದವರಿಗೆ ಬೇರೆ ಹಾಳೆ ಅಂಟಿಸಬೇಕಾಯಿತು.

ಮೂರು ವಾರಕ್ಕೆ ಮೇಲಿನ ಆಫೀಸಿನಿಂದ ಒಬ್ಬ ಇಂಜಿನಿಯರು ಬಂದರು. ಕನ್ನಡದವರೇ. ಕಪ್ಪು ಕನ್ನಡಕ, ಬಿಳಿ ಷೂ. ಸ್ಟೇಷನ್ನು, ಪಂಪು, ಕೆರೆ ಎಲ್ಲ ನೋಡಿ ಆದಮೇಲೆ, ಅರ್ಜಿ ಬರೆದವರನ್ನು ಕಾಣಬೇಕೆಂದರಂತೆ. ನಮ್ಮವರು ಬೆವರೊರೆಸಿಕೊಳ್ಳುತ್ತ ಅವರನ್ನು ಮನೆಗೇ ಕರೆದುಕೊಂಡು ಬಂದರು. ಹಿಂದೆ ಅರ್ಧ ಬೀದಿ.

ಬಂದವರಿಗೆ ಕಾಲಿಗೆ ನೀರು ಕೊಡದೆ ಒಳಗೆ ಕರೆಯುವುದುಂಟೇ? ಅತ್ತೆ ಒಂದು ಚೊಂಬು ನೀರು ಹಿಡಿದು ಬಂದರು. ಬೀದಿಯವರ ಕಣ್ಣೆಲ್ಲ ಆ ಚೊಂಬಿನ ಮೇಲೆ. ಇಂಜಿನಿಯರು ಷೂ ಬಿಚ್ಚಿ, ಅಂಗಳದ ಕಲ್ಲಿನ ಮೇಲೆ ಕಾಲಿಟ್ಟು ಚೊಂಬಿಗೆ ಕೈಚಾಚಿದರು. ಅತ್ತೆ ಚೊಂಬು ಕೊಡಲಿಲ್ಲ.

"ಅಲ್ಲಿ ಬೇಡಪ್ಪಾ. ಹೀಗೆ ಬನ್ನಿ. ಈ ಕರಿಬೇವಿನ ಗಿಡದ ಬುಡದಲ್ಲಿ ನಿಂತ್ಕೊಳ್ಳಿ. ಹಾಂ, ಇನ್ನೂ ಒಂಚೂರು ಈಚೆಗೆ. ಎಡಗಾಲು ಬುಡದ ಹತ್ರ ಬರಲಿ."

ಇಂಜಿನಿಯರು ಗಿಡವನ್ನು ತಬ್ಬಿಕೊಂಡ ಹಾಗೆ ನಿಂತು ಕಾಲು ತೊಳೆದರು. ಒಂದು ಹನಿಯೂ ಪಾತಿಯಿಂದ ಹೊರಗೆ ಹೋಗಲಿಲ್ಲ. ತಮ್ಮ ಒದ್ದೆ ಪಾದಗಳನ್ನೂ, ನೀರು ಹೀರುತ್ತಿದ್ದ ಮಣ್ಣನ್ನೂ, ಸುತ್ತ ನಿಂತು ನೋಡುತ್ತಿದ್ದವರನ್ನೂ ನೋಡಿದರು. ಆಮೇಲೆ ನಗು ತಡೆಯಲಾರದೆ ಗಿಡವನ್ನೇ ಹಿಡಿದುಕೊಂಡು ನಕ್ಕುಬಿಟ್ಟರು.

"ಅಮ್ಮಾ, ನೀವು ಅರ್ಜಿಯಲ್ಲಿ ಬರೆದದ್ದಕ್ಕಿಂತ ಇದು ಚೆನ್ನಾಗಿ ಅರ್ಥವಾಯ್ತು."

"ಅರ್ಜಿ ನನ್ನ ಸೊಸೆ ಬರೆದದ್ದು. ದೊಡ್ಡಕ್ಷರದ ರುಜು ನನ್ನದು" ಎಂದರು ಅತ್ತೆ.

ಒಳಗೆ ಕೂತು ಕಾಫಿ ಕುಡಿದರು. ಒಂದು ಗುಟುಕು ಕುಡಿದು ಲೋಟವನ್ನು ಅನುಮಾನದಿಂದ ನೋಡಿದಾಗ ನಾನು, "ಇಂಜಿನ್ ನೀರು ಸಾರ್" ಎಂದೆ. ನಮ್ಮವರ ಮುಖ ಬಿಳಚಿಕೊಂಡಿತು. ಅನುಮತಿಯಿಲ್ಲದ ನೀರಲ್ಲವೇ ಅದು? ಇಂಜಿನಿಯರು ಲೋಟವನ್ನು ಪೂರ್ತಿ ಖಾಲಿ ಮಾಡಿ, "ನಾನು ಕೇಳಿಸಿಕೊಳ್ಳಲಿಲ್ಲ" ಎಂದರು. ಕಾಲುವೆ ತೋಡುವ ಯೋಚನೆಯೇ ಇರಲಿಲ್ಲವೆಂದೂ, ಹೊಳೆಯ ಕಡೆ ನೀರು ತುಂಬಿಸಿಕೊಂಡು ಬರುವ ವಿಚಾರ ಆಗತಕ್ಕದ್ದೇ ಎಂದೂ ಹೇಳಿದರು. "ನಮಗೆ ಇಂಜಿನ್ನಿನ ಲೆಕ್ಕ ಗೊತ್ತಿತ್ತು. ಊರಿನ ಬಾವಿಗಳು ಈ ಸ್ಥಿತಿಗೆ ಬಂದಿವೆ ಅಂತ ತಿಳಿದಿರಲಿಲ್ಲ." ಮಾತು ಸರಳವಾಗಿತ್ತು. ನನಗೆ ಹಿಡಿಸಿತು.

ಹತ್ತು ದಿನದಲ್ಲಿ ಮೈಸೂರು ಲೈನಿನ ಇಂಜಿನ್ನುಗಳು ಅರಸೀಕೆರೆಯಲ್ಲಿ ಗುಟುಕು ಮಾತ್ರ ಕುಡಿಯತೊಡಗಿದವು. ಆಮೇಲೆ ಒಂದು ಬೆಳಿಗ್ಗೆ ಗಾಡಿಯ ಹಿಂದೆ ಎರಡು ದುಂಡನೆಯ ಕಬ್ಬಿಣದ ವ್ಯಾಗನ್ನುಗಳು ಬಂದವು. ಊರಿಗೆ ಊರೇ ಗೂಡ್ಸ್ ಪ್ಲಾಟ್‌ಫಾರಮ್ಮಿನಲ್ಲಿತ್ತು. ಅಕ್ಕ ಆರತಿ ತಟ್ಟೆ ತಂದು ವ್ಯಾಗನ್ನಿಗೆ ಅರಿಸಿನ ಕುಂಕುಮ ಹಚ್ಚಿ ಆರತಿ ಬೆಳಗಿದರು. ಗಾರ್ಡು ಟೋಪಿ ತೆಗೆದು ನಿಂತ. ಅತ್ತೆ ದೂರದಿಂದಲೇ ಕೈಮುಗಿದರು. "ಕೂತಲ್ಲಿಗೇ ಹೇಮಾವತಿ ಬಂದಳಲ್ಲ" ಎಂದವರ ಕಣ್ಣಲ್ಲಿ ನೀರಿತ್ತು. ಅಕ್ಕ ತಕ್ಷಣ, "ಅದನ್ಯಾಕೆ ಸುಮ್ಕೆ ಚೆಲ್ತೀರಿ ಅಮ್ಮಾವ್ರೇ, ಬಿಂದಿಗೆ ಹಿಡಿಯಲಾ?" ಎಂದು ನಗಿಸಿಬಿಟ್ಟರು.

ಎರಡು ಜಡೆಯ ನನ್ನ ವಿದ್ಯಾರ್ಥಿನಿಯೂ ಅಲ್ಲಿದ್ದಳು. ನನ್ನನ್ನು ಕಂಡು ಹತ್ತಿರ ಬಂದು, "ಟೀಚರ್, ಇದನ್ನ ಎಳ್ಕೊಂಡು ಬರೋಕೆ ಇಂಜಿನ್ನು ಎಷ್ಟು ನೀರು ಕುಡಿದಿರತ್ತೆ?" ಎಂದಳು. ಈ ಸಲ ಅವಳಿಗೆ ಕೂತ್ಕೋ ಎನ್ನಲಿಲ್ಲ. ಶಂಟಿಂಗ್ ಇಂಜಿನ್ನಿನ ಡ್ರೈವರ ಹತ್ತಿರ ಕರೆದುಕೊಂಡು ಹೋಗಿ ಕೇಳಿಸಿದೆ. ಅವರು ತೊಟ್ಟಿಯ ಅಳತೆ, ಏರು, ಇಳಿಜಾರು ಎಲ್ಲ ಹೇಳಿಕೊಟ್ಟರು. ಮರುದಿನ ಅದನ್ನೇ ತರಗತಿಯಲ್ಲಿ ಲೆಕ್ಕ ಮಾಡಿದೆವು. ಹುಡುಗಿಯರಿಗೆ ಆ ವರ್ಷ ಭಾಗಾಕಾರ ಚೆನ್ನಾಗಿ ಬಂತು.

ಎರಡು ತಿಂಗಳಿಗೂ ಹೆಚ್ಚು ಕಾಲ ವ್ಯಾಗನ್ನು ಬಂತು. ನೀರು ಎಲ್ಲರಿಗೂ ಸಾಕಾಗುವಷ್ಟಿತ್ತು ಎಂದರೆ ಸುಳ್ಳಾದೀತು. ಸಾಲಿನಲ್ಲಿ ಜಗಳಗಳಾದವು. ಅಕ್ಕನೂ ನಾನೂ ಒಂದು ವಾರ ಮಾತು ಬಿಟ್ಟಿದ್ದೆವು, ಯಾರ ಬಿಂದಿಗೆ ಮುಂದೆ ಇತ್ತು ಎಂಬ ಘನ ಕಾರಣಕ್ಕೆ. ಆ ವಾರ ಗೋಡೆಯ ಮೇಲಿಂದ ಮೊಸರು ಮಾತ್ರ ದಾಟಿತು, ಸುದ್ದಿ ದಾಟಲಿಲ್ಲ. ಎಂಟನೆಯ ದಿನ ಅವರೇ ಇಣುಕಿ, "ಮೇಷ್ಟ್ರಮ್ಮಾ, ಹೇಳಕ್ ಏನೇನೋ ಐತೆ, ಹೊಟ್ಟೆ ಉಬ್ಬೋಗೈತೆ, ರಾಜಿ ಆಗೋಣ ಬನ್ನಿ" ಎಂದರು.

ಮಳೆ ಬಂದದ್ದು ನಾವೆಲ್ಲ ವ್ಯಾಗನ್ನಿಗಾಗಿ ಸಾಲು ನಿಂತಿದ್ದಾಗ. ಮಧ್ಯಾಹ್ನ ಮೂರರ ಹೊತ್ತು. ಮೊದಲು ಮಣ್ಣಿನ ವಾಸನೆ, ಆಮೇಲೆ ದಪ್ಪ ದಪ್ಪ ಹನಿ, ಆಮೇಲೆ ಸೊಂಡಿಲು ಬಿಟ್ಟ ಹಾಗೆ. ಯಾರೂ ಓಡಲಿಲ್ಲ. ಬಿಂದಿಗೆಗಳನ್ನು ಪ್ಲಾಟ್‌ಫಾರಮ್ಮಿನ ಮೇಲೆ ಬಾಯಿ ಮೇಲಾಗಿಟ್ಟು ನೆನೆಯುತ್ತ ನಿಂತೆವು. ಕಬ್ಬಿಣ, ತಾಮ್ರ, ಹಿತ್ತಾಳೆಯ ಮೇಲೆ ಮಳೆ ಬೀಳುವ ಸದ್ದು ಬೇರೆ ಬೇರೆ ಎಂದು ಅವತ್ತು ನನಗೆ ಗೊತ್ತಾಯಿತು. ಅತ್ತೆಯ ಮಡಿಯೆಲ್ಲ ಜನರ ನಡುವೆ ತೊಪ್ಪೆಯಾಗಿ ಹೋಗಿತ್ತು, ಅವರಿಗೆ ಅದರ ಪರಿವೆಯೇ ಇರಲಿಲ್ಲ.

ಅಷ್ಟರಲ್ಲಿ ವ್ಯಾಗನ್ನಿನ ಗಾಡಿ ಮಳೆಯೊಳಗಿಂದ ನಿಧಾನವಾಗಿ ಬಂದು ನಿಂತಿತು. ಗಾರ್ಡು ಇಳಿದು ನೋಡಿದ. ನೀರು ಹಿಡಿಯುವವರು ಯಾರೂ ಮುಂದೆ ಬರಲಿಲ್ಲ. "ಹಾಗಾದ್ರೆ ವಾಪಸ್ ಕಳಿಸಲೇನ್ರಮ್ಮಾ?" ಎಂದು ನಗುತ್ತ ಕೂಗಿದ.

ಅತ್ತೆ ತಮ್ಮ ಬಿಂದಿಗೆಯಲ್ಲಿ ಅರ್ಧ ತುಂಬಿದ್ದ ಮಳೆನೀರನ್ನು ಅಕ್ಕನ ಬಿಂದಿಗೆಗೆ ಸುರಿದು ವ್ಯಾಗನ್ನಿನ ಹತ್ತಿರ ಹೋದರು. "ಅಷ್ಟು ದೂರದಿಂದ ಹೇಮಾವತಿ ಬಂದಿದ್ದಾಳೆ. ಒಳಗೆ ಕರೀದೆ ಕಳಿಸೋದಾ? ಬಿಡಪ್ಪಾ ನೀರು" ಎಂದು ಬಿಂದಿಗೆ ಒಡ್ಡಿದರು. ಅವರ ಹಿಂದೆ ನಾವೆಲ್ಲ ಒಬ್ಬೊಬ್ಬರಾಗಿ ಸಾಲು ಸೇರಿದೆವು, ನೆನೆಯುತ್ತಲೇ.